ಮೂರನೇ ಸಾಲಿನ ಮಹಾರಸಿಕ

ಐವತ್ತೆರಡು ದಾಟಿದ ಮೇಲೆ ಬ್ರೇಕ್ ಮೇಷ್ಟ್ರಿಗೆ ಕಣ್ಣು ಕೈಕೊಟ್ಟಿತು. ಕಣ್ಣು ಹೇಗಪ್ಪಾ ಕೈ ಕೊಡುತ್ತದೆ ಎಂದು ಕೇಳುವವರು ಅವರ ಹೊಸ ಕನ್ನಡಕ ಹಾಕಿಕೊಂಡು ಒಂದು ಸಲ ಮೆಟ್ಟಿಲು ಇಳಿದು ನೋಡಬೇಕು. ಆಗ ಕಾಲೂ ಕೈಕೊಡುತ್ತದೆ.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಗೆ ಇರುವ ಎರಡನೇ ಬ್ರೇಕನ್ನು ತುಳಿಯುವುದೇ ಅವರ ಉದ್ಯೋಗ. ಆ ಅಭ್ಯಾಸ ಎಷ್ಟು ಬೇರೂರಿತ್ತೆಂದರೆ ಮನೆಯಲ್ಲಿ ಹೆಂಡತಿ ತುಸು ವೇಗವಾಗಿ ಮಾತಾಡಿದರೂ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ಆಕೆ ನಿಲ್ಲಿಸುತ್ತಿರಲಿಲ್ಲ, ಆ ಮಾತು ಬೇರೆ.

ಹೊಸ ಕನ್ನಡಕ ಮೂರು ಅಂತಸ್ತಿನದು. ಮೇಲಂತಸ್ತಿನಲ್ಲಿ ದೂರದ್ದು, ನಡುವಿನದರಲ್ಲಿ ಮಧ್ಯಮ ದೂರದ್ದು, ಕೆಳಗಿನದರಲ್ಲಿ ಹತ್ತಿರದ್ದು ಕಾಣಬೇಕು. "ದೊಡ್ಡ ದೊಡ್ಡ ಆಫೀಸರ್‌ಗಳೆಲ್ಲ ಇದನ್ನೇ ಹಾಕೋದು ಸಾರ್" ಎಂದು ಅಂಗಡಿಯವನು ಹೇಳಿದ ಒಂದೇ ಮಾತಿಗೆ ಮೇಷ್ಟ್ರು ಮರುಮಾತಿಲ್ಲದೆ ಕೊಂಡಿದ್ದರು. ಹೆಂಡತಿ ಹಳೆಯ ಕನ್ನಡಕವನ್ನು ತನ್ನ ಕೈಚೀಲದಲ್ಲಿ ಹಾಕಿಟ್ಟುಕೊಂಡಳು. ಇಪ್ಪತ್ತೇಳು ವರ್ಷ ಒಬ್ಬ ಗಂಡಸಿನ ಜೊತೆ ಬಾಳಿದ ಹೆಣ್ಣಿಗೆ ಇಂಥ ಮುಂದಾಲೋಚನೆ ತಾನಾಗಿ ಬರುತ್ತದೆ.

ಆ ಶನಿವಾರ ಸಂಜೆ ದಂಪತಿ ಗಾಯನ ಕಚೇರಿಗೆ ಹೋದದ್ದು ಸಂಗೀತದ ಮೋಹದಿಂದಲ್ಲ, ಪಾಸು ಪುಕ್ಕಟೆ ಸಿಕ್ಕಿತ್ತೆಂದು. ಕೊಟ್ಟವಳು ಮೇಷ್ಟ್ರ ಶಿಷ್ಯೆ. ಹಾಡು ಧ್ವನಿಮುದ್ರಿಸುವ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಆಕೆ ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ, ಮೂರನೆಯದಕ್ಕೆ ಗುರುಕೃಪೆ ಬೇಡುತ್ತಿದ್ದಳು. ಸೀಟು ಮೂರನೇ ಸಾಲಿನ ನಟ್ಟನಡುವೆ.

ಅವತ್ತು ಹಾಡುವವರು ಊರಿಗೆಲ್ಲ ಗೊತ್ತಿದ್ದ ಕವಿ. ಹಾಡು ಕಟ್ಟುವವರೂ ಅವರೇ, ಹಾಡುವವರೂ ಅವರೇ. ಆದರೆ ಅವರ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. "ಜಿಗಿಜಿಗಿ ಜಿಂಗಾಲೆ" ಎಂಬ ಕುಣಿತದ ಹಾಡು ಬರೆದ ದಿನದಿಂದ ಜನ ಅವರನ್ನು ಜಿಂಗಾಲೆ ಎಂದೇ ಕರೆದರು. ಆ ಹಾಡು ಮದುವೆ ಮನೆಯಲ್ಲಿ, ಗಡಿಯಾರದ ಅಲಾರಂನಲ್ಲಿ, ಕಡೆಗೆ ಹಿಂದಕ್ಕೆ ಬರುವ ಲಾರಿಯಲ್ಲೂ ಕೇಳಿಸುತ್ತಿತ್ತು. ಅದಕ್ಕೂ ಹತ್ತು ವರ್ಷ ಮೊದಲು ಅವರು ಒಂದು ಡಜನ್ ಮೆಲುದನಿಯ ಹಾಡು ಕಟ್ಟಿ ಗಾನತಟ್ಟೆ ಮಾಡಿಸಿದ್ದರು. ಆ ತಟ್ಟೆಗಳು ಅಂಗಡಿಯವನ ಕಪಾಟು ಅಲ್ಲಾಡದ ಹಾಗೆ ಕಾಲಿನ ಕೆಳಗೆ ಇಡಲು ಉಪಯೋಗಕ್ಕೆ ಬಂದವು.

ಮೊದಲ ಹಾಡು ಮುಗಿದು ಸಾವಿರದಿನ್ನೂರು ಜನ ಚಪ್ಪಾಳೆ ತಟ್ಟುತ್ತಿದ್ದಾಗ ಮೇಷ್ಟ್ರಿಗೆ ವೇದಿಕೆಯ ಮೇಲೆ ಮೂವರು ಜಿಂಗಾಲೆಗಳು ಕಾಣುತ್ತಿದ್ದರು, ಪ್ರತಿ ಅಂತಸ್ತಿಗೂ ಒಬ್ಬೊಬ್ಬರಂತೆ. ತಲೆ ಗಿರ್ರೆಂದಿತು.

"ಹಳೇದು ಕೊಡೇ" ಎಂದು ಹೆಂಡತಿಯ ಕಿವಿಯ ಬಳಿ ಬಗ್ಗಿದರು.

"ಏನು?"

"ಹಳೇದು! ಹಳೇದು!"

"ಯಾಕೆ, ಹೊಸದಕ್ಕೇನಾಯ್ತು?" ಎಂದು ಆಕೆ ಚಪ್ಪಾಳೆಯ ನಡುವೆ ಕಿರುಚಿದಳು.

ಇಪ್ಪತ್ತಾರು ವರ್ಷ "ಕ್ಲಚ್ಚು ಬಿಡಿ, ಕ್ಲಚ್ಚೂ" ಎಂದು ಕೂಗಿ ಪಳಗಿದ ಗಂಟಲು ಅದು. ಮೇಷ್ಟ್ರು ಇದ್ದಬದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ, "ಹೊಸದು ಬೇಡ! ಹಳೇದೇ ಬೇಕೂ!" ಎಂದರು.

ಚಪ್ಪಾಳೆ ಅದೇ ಕ್ಷಣಕ್ಕೆ ನಿಂತಿತ್ತು. ಅಷ್ಟು ಜನರ ಕೈ ಒಟ್ಟಿಗೇ ನಿಲ್ಲಲು ಆ ಸಂಜೆಯೊಳಗೆ ಇನ್ನೊಂದು ಗಳಿಗೆ ಸಿಗುತ್ತಿರಲಿಲ್ಲವೇ? ಸಿಗಲಿಲ್ಲ. ಮೂರನೇ ಸಾಲಿನ ಮೇಲೆ ಸರಿಯಾಗಿ, ಸಭಿಕರ ಸದ್ದು ಹಿಡಿಯಲೆಂದೇ ಕಂಪನಿಯವರು ಒಂದು ಮೈಕು ತೂಗುಬಿಟ್ಟಿದ್ದರು. ಮೇಷ್ಟ್ರ ಮಾತು ಆ ಮೈಕಿನೊಳಗೆ ಹೊಕ್ಕು, ಸಭಾಂಗಣದ ಮೂಲೆಮೂಲೆಗೂ ಹೋಗಿ, ತಿರುಗಿ ಅವರ ಕಿವಿಗೇ ಬಂತು.

ಕವಿಗಳ ಕೈ ಹಾರ್ಮೋನಿಯಂ ಮೇಲೆ ಹಾಗೇ ನಿಂತಿತು. ಮೂರನೇ ಸಾಲಿನ ಕಡೆ ಒಂದು ನಿಮಿಷ ನೋಡಿದರು. ಎದುರಿಗಿದ್ದ ಹಾಡುಗಳ ಪಟ್ಟಿಯನ್ನು ಮಡಚಿ ಜೇಬಿಗೆ ಇಟ್ಟುಕೊಂಡರು. ವಾದ್ಯದವರ ಕಿವಿಯಲ್ಲಿ ಏನೋ ಹೇಳಿ, ಕಪಾಟಿನ ಕೆಳಗೆ ಹೋಗಿದ್ದ ಆ ಹನ್ನೆರಡು ಹಾಡುಗಳನ್ನು ಒಂದೊಂದಾಗಿ ಹಾಡತೊಡಗಿದರು. ಜಿಂಗಾಲೆ ಹಾಡು ಅವತ್ತು ಬರಲೇ ಇಲ್ಲ. ಜನ ಉಸಿರು ಬಿಗಿಹಿಡಿದು ಕೇಳಿದರು, ಕಣ್ಣೊರೆಸಿಕೊಂಡರು ಎಂದು ಆಮೇಲೆ ಪತ್ರಿಕೆಗಳು ಬರೆದವು. ಮೇಷ್ಟ್ರಿಗೆ ಅದು ತಿಳಿಯದು. ಹಳೆಯ ಕನ್ನಡಕ ಸಿಕ್ಕ ಕೂಡಲೇ, ಕವಿ ಒಬ್ಬರೇ ಇರುವುದು ಖಚಿತವಾಗಿ, ಸಮಾಧಾನದಿಂದ ನಿದ್ದೆಹೋದರು.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಗ್ಗೆ ಶಿಷ್ಯೆ ಕಾರನ್ನು ಹಿಂದಕ್ಕೆ ತೆಗೆಯುವ ಪಾಠ ಬಿಟ್ಟು ಫೋನು ತೆಗೆದಳು.

"ಸಾರ್, ಇದನ್ನೊಂದು ಕೇಳಿ. ಆ ದಿನದ ಕಚೇರಿ, ಲೈವ್ ಆಲ್ಬಮ್ ಆಗಿ ಬಂದಿದೆ. ಊರೆಲ್ಲ ಇದೇ ಹಾಡು."

ಚಪ್ಪಾಳೆ ಕೇಳಿಸಿತು. ಚಪ್ಪಾಳೆ ನಿಂತಿತು. "ಹೊಸದು ಬೇಡ! ಹಳೇದೇ ಬೇಕೂ!" ಎಂದಿತು ಫೋನು, ಮೇಷ್ಟ್ರ ಸ್ವಂತ ದನಿಯಲ್ಲಿ. ಮೇಷ್ಟ್ರು ನಿಂತಿದ್ದ ಕಾರಿಗೇ ಬ್ರೇಕು ಹಾಕಿದರು.

"ಆಲ್ಬಮ್ಮಿಗೆ 'ಹಳೇದೇ ಬೇಕು' ಅಂತಾನೇ ಹೆಸರಿಟ್ಟಿದಾರೆ ಸಾರ್! ಆ ಸೀಟಿನ ಪಾಸು ಕೊಟ್ಟೋಳು ನಾನೇ. ಈ ದನಿ ದಿನಾ ನನ್ನ ಬೈಯೋ ದನಿ. ನೀವೇ ಅಲ್ವಾ ಸಾರ್?"

"ಅದು... ಹೂಂ..."

"ಆ ಹಾಡುಗಳಿದ್ವು ಅಂತ ನಮ್ಮ ಕಂಪನೀಲೇ ಯಾರಿಗೂ ಗೊತ್ತಿರ್ಲಿಲ್ಲ. ನಿಮಗೆ ಹೇಗೆ ಗೊತ್ತಿತ್ತು ಸಾರ್?"

ಇಲ್ಲಿ ಮೇಷ್ಟ್ರು "ಕನ್ನಡಕ" ಎಂಬ ನಾಲ್ಕಕ್ಷರ ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಇಪ್ಪತ್ತಾರು ವರ್ಷದಲ್ಲಿ ಯಾವ ಶಿಷ್ಯರೂ ಅವರನ್ನು ಅಂಥ ಕಣ್ಣಿನಿಂದ ನೋಡಿರಲಿಲ್ಲ. ಕಲಿಯುವವರ ಕಣ್ಣಲ್ಲಿ ಅವರು ಸದಾ ಕಂಡದ್ದು ಗಾಬರಿಯೊಂದೇ. ಅವರು ಕಿಟಕಿಯಾಚೆ ನೋಡುತ್ತ, "ಏನೋ... ಹಾಗೇ..." ಎಂದರು. ದೊಡ್ಡ ಸುಳ್ಳು ಹೇಳಲು ಬಾಯಿ ಬೇಕು; ಈ ಜಾತಿಯ ಸುಳ್ಳಿಗೆ ಕತ್ತನ್ನು ತುಸು ವಾಲಿಸಿದರೆ ಸಾಕು.

ಸಂಜೆ ವಿಷಯ ಕೇಳಿದ ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. "ಕನ್ನಡಕ ಕೇಳಿದ್ದು ಅಂತ ಹೇಳೋಕೆ ಬಾಯಿಗೇನಾಗಿತ್ತು ನಿಮಗೆ?"

"ಹೇಳ್ತಿದ್ದೆ ಕಣೇ. ಅಷ್ಟರಲ್ಲಿ ಅವಳು ಗೇರು ಹಾಕಿಬಿಟ್ಲು."

ಮರುದಿನ ಮೇಲಿನ ಮನೆಯ ನಿವೃತ್ತ ಹೆಡ್‌ಮಾಸ್ಟರು ಇಳಿದು ಬಂದರು. ಬಾಲ್ಕನಿಯಿಂದ ನೀರು ತೊಟ್ಟಿಕ್ಕುವ ವಿಷಯವಾಗಿ ಎಂಟು ವರ್ಷದಿಂದ ಎರಡು ಮನೆಗೂ ಮಾತಿರಲಿಲ್ಲ. ಆದರೆ ಹೆಡ್‌ಮಾಸ್ಟರು ಆ ಆಲ್ಬಮ್ ಕೇಳಿ ಮನಸೋತು, "ಈ ಅಜ್ಞಾತ ರಸಿಕನ ಕೂಗಿನಲ್ಲಿ ಒಂದು ಪೀಳಿಗೆಯ ಹಸಿವಿದೆ" ಎಂದು ಪತ್ರಿಕೆಗೆ ಕಾಗದ ಬರೆದಿದ್ದರು. ಆ ಪೀಳಿಗೆಯ ಹಸಿವು ತಮ್ಮ ಕೆಳಗಿನ ಮನೆಯಲ್ಲೇ ಬಾಡಿಗೆಗಿದೆ ಎಂದು ಗೊತ್ತಾದಾಗ ಅವರಿಗೆ ತಡೆಯಲಾಗಲಿಲ್ಲ.

"ಒಂದೇ ಪ್ರಶ್ನೆ ಮೇಷ್ಟ್ರೇ. 'ಹಳೇದೇ' ಅಂದ್ರಲ್ಲ, ಆ 'ದೇ' ಮೇಲೆ ಅಷ್ಟು ಒತ್ತು ಕೊಟ್ಟಿದ್ದು ಬೇಕು ಅಂತಲೋ, ಸಹಜವಾಗಿ ಬಂತೋ?"

"ಸಹಜವಾಗೇ ಬಂತು ಸಾರ್. ಎರಡು ಸಲ ಹೇಳಿದ್ರೂ ಅವಳಿಗೆ ಕೇಳಿಸ್ಲಿಲ್ಲ."

"ಅವಳಿಗೆ!" ಹೆಡ್‌ಮಾಸ್ಟರು ಕಣ್ಣು ಮುಚ್ಚಿದರು. "ಕಲಾದೇವಿಗೆ! ಎಂಥ ಮಾತು! ಎರಡು ಸಲ ಕೂಗಿದರೂ ಅವಳಿಗೆ ಕೇಳಿಸ್ಲಿಲ್ಲ!"

ಅಡಿಗೆಮನೆಯಲ್ಲಿ ಕಲಾದೇವಿ ಒಂದು ಪಾತ್ರೆಯನ್ನು ಬೇಕೆಂದೇ ಕೆಳಗೆ ಹಾಕಿದಳು.

ಸುದ್ದಿಗೆ ಕಾಲು ಬಂತು. "ನಮ್ಮಳಿಯನದು ಡ್ರೈವರ್ ಪಕ್ಕದಲ್ಲಿ ಕೂರೋ ಕೆಲಸ" ಎಂದು ಅಲ್ಲಿಯವರೆಗೆ ಬಂಧುಗಳಿಗೆ ಪರಿಚಯಿಸುತ್ತಿದ್ದ ಅತ್ತೆ, "ನಮ್ಮಳಿಯ ಮೂಲತಃ ಸಂಗೀತದ ಕಡೆಯೋನು, ಕಾರು ಬರೀ ಹವ್ಯಾಸ" ಎನ್ನತೊಡಗಿದರು. ಡ್ರೈವಿಂಗ್ ಸ್ಕೂಲಿನ ಮಾಲೀಕರು ಮೇಷ್ಟ್ರ ಕಾರಿನ ಬೆನ್ನಿಗೆ "ಕಲಾರಸಿಕರಿಂದ ತರಬೇತಿ" ಎಂದು ಬರೆಸಿದರು. ಕೆಳಗೆ ಮೊದಲಿಂದಲೂ ಇದ್ದ "ಅಂತರ ಕಾಯ್ದುಕೊಳ್ಳಿ" ಹಾಗೇ ಉಳಿಯಿತು.

ಲೈಸೆನ್ಸ್ ಇನ್‌ಸ್ಪೆಕ್ಟರ ಕಥೆ ಬೇರೆಯೇ. ಆ ಮನುಷ್ಯ ನಕ್ಕದ್ದನ್ನು ಕಂಡವರಿಲ್ಲ. ಗೆರೆಯ ಮೇಲೆ ಚಕ್ರ ಕೂದಲೆಳೆಯಷ್ಟು ಸರಿದರೂ ನಪಾಸು ಮಾಡುತ್ತಿದ್ದರು. ಶಿಷ್ಯೆಯ ಮೂರನೇ ಪರೀಕ್ಷೆಯ ದಿನ ಅವರು ಹಿಂದಿನ ಸೀಟಿಗೆ ಬಂದು, ಮೇಷ್ಟ್ರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಕಿಟಕಿ ಗಾಜು ಏರಿಸಿದರು. "ಹೊರಡಮ್ಮಾ, ಹಿಂದಕ್ಕೆ ತಗೋ" ಎಂದು ಆಕೆಗೆ ಹೇಳಿ, ಕಿರುದನಿಯಲ್ಲಿ, "ಮೇಷ್ಟ್ರೇ, ಯಾರಿಗೂ ಹೇಳ್ಬೇಡಿ. ನಾನೂ ಅರವತ್ತನಾಲ್ಕು ಹಾಡು ಬರೆದಿದೀನಿ" ಎಂದರು.

"ಓಹೋ" ಎಂದರು ಮೇಷ್ಟ್ರು. ತುಳಿಯಲು ಕಾಲಡಿಯಲ್ಲಿ ಬ್ರೇಕಿರಲಿಲ್ಲ.

ಇನ್‌ಸ್ಪೆಕ್ಟರು ಹಾಡಿದರು. ಮೊದಲ ಹಾಡಿಗೆ ಕಾರು ಒಂದು ಕಂಬವನ್ನು ಉರುಳಿಸಿತು. ಎರಡನೆಯದಕ್ಕೆ ಗೆರೆ ದಾಟಿ ಹುಲ್ಲಿನ ಮೇಲೆ ಹೋಯಿತು. ಮೂರನೆಯದಕ್ಕೆ, ಎರಡನೇ ಚರಣದಲ್ಲಿ, ಇನ್‌ಸ್ಪೆಕ್ಟರ ಸ್ವಂತ ಸ್ಕೂಟರಿನ ಮುಂದೆ ಎರಡು ಬೆರಳಗಲ ಬಿಟ್ಟು ನಿಂತಿತು.

"ಹೇಗಿದೆ? ಮುಚ್ಚುಮರೆ ಇಲ್ಲದೆ ಹೇಳಿ."

ಎರಡು ಬೆರಳಗಲದ ಆ ಸಂದು ನೋಡುತ್ತಿದ್ದ ಮೇಷ್ಟ್ರು ಬೆವರೊರೆಸಿಕೊಂಡು, "ಉಸಿರೇ ನಿಂತುಹೋಯ್ತು ಸಾರ್" ಎಂದರು.

ಇನ್‌ಸ್ಪೆಕ್ಟರ ಕಣ್ಣಲ್ಲಿ ನೀರಾಡಿತು. ಶಿಷ್ಯೆ ಪಾಸಾದಳು. ಮೇಷ್ಟ್ರಿಗೆ ಆ ರಾತ್ರಿ ಊಟ ಸೇರಲಿಲ್ಲ. ತಾವು ರಸಿಕರಾದದ್ದರಿಂದ ಕಾರು ತಿರುಗಿಸಲು ಬಾರದವಳೊಬ್ಬಳು ರಸ್ತೆಗೆ ಬಂದಳಲ್ಲ ಎಂಬ ಯೋಚನೆ ಅವರನ್ನು ಕೊರೆಯಿತು. ಮಾರನೆಯ ದಿನದಿಂದ ಆಕೆಗೆ ಬೆಳಗ್ಗೆ ಒಂದು ಗಂಟೆ ಬಿಟ್ಟಿ ಪಾಠ ಶುರುಮಾಡಿದರು. ಆಕೆ ಅದನ್ನೂ ರಸಿಕರ ದೊಡ್ಡತನವೆಂದೇ ತಿಳಿದಳು. ಕೃತಜ್ಞತೆಗಾಗಿ ಮೇಷ್ಟ್ರ ವಿಳಾಸವನ್ನು ಕವಿಗಳಿಗೆ ಕೊಟ್ಟುಬಿಟ್ಟಳು.

"ಭಾನುವಾರ ಹತ್ತು ಗಂಟೆಗೆ ಕವಿಗಳೇ ನಿಮ್ಮ ಮನೆಗೆ ಬರ್ತಾರಂತೆ ಸಾರ್. ನಿಮ್ಮನ್ನ ನೋಡದೆ ಅವರಿಗೆ ನೆಮ್ಮದಿ ಇಲ್ವಂತೆ."

ಮೇಷ್ಟ್ರ ಎದೆ ಇಂಜಿನ್ ಬಂದಾದ ಗಾಡಿಯಂತಾಯಿತು. ಆ ಹನ್ನೆರಡು ಹಾಡಿನಲ್ಲಿ ಒಂದನ್ನೂ ಅವರು ಕೇಳಿರಲಿಲ್ಲ. ಕೇಳಲು ಪ್ರಯತ್ನಿಸಿರಲಿಲ್ಲ ಎಂದಲ್ಲ. ಪ್ರತಿ ಸಲವೂ ಶುರುವಿಗೇ ತಮ್ಮದೇ ಕೂಗು ಬಂದು, ಕಿವಿ ಬಿಸಿಯಾಗಿ, ಆರಿಸಿಬಿಡುತ್ತಿದ್ದರು. ತಮ್ಮ ಸುಳ್ಳಿನ ಬಾಗಿಲು ದಾಟಿ ಒಳಗೆ ಹೋಗಲು ಅವರಿಂದಾಗಲಿಲ್ಲ. ಹೆಡ್‌ಮಾಸ್ಟರು ಇಂಥ ಅತಿಥಿಗೆ ತಕ್ಕ ಮಾತಿರಲೆಂದು ಒಂದು ಪುಟ ಬರೆದು ಬಾಯಿಪಾಠ ಮಾಡಿಸಿದರು. ಅದರಲ್ಲಿ "ಭಾವಗಾಂಭೀರ್ಯ" ಎಂಬ ಪದ ಆರು ಸಲ ಬರುತ್ತಿತ್ತು. ಮೇಷ್ಟ್ರ ನಾಲಿಗೆ ಆರು ಸಲವೂ ಜಾರಿತು.

ಭಾನುವಾರ ಒಂಬತ್ತೂವರೆಗೇ ಮನೆ ತುಂಬಿತು. ಹೆಡ್‌ಮಾಸ್ಟರು ಕುರ್ಚಿ ಸಮೇತ ಬಂದಿದ್ದರು. ಇನ್‌ಸ್ಪೆಕ್ಟರು ಕಂಕುಳಲ್ಲಿ ದಪ್ಪ ನೋಟುಬುಕ್ಕು ಇಟ್ಟುಕೊಂಡಿದ್ದರು. ಸರಿಯಾಗಿ ಹತ್ತಕ್ಕೆ ಕವಿಗಳು ಬಂದರು. ಸಣ್ಣ ಆಳು, ಇಸ್ತ್ರಿ ಇಲ್ಲದ ಅಂಗಿ. ಜನವನ್ನು ನೋಡಿ ಕೈಮುಗಿದು, "ಎಲ್ಲರೂ ದಯವಿಟ್ಟು ಹತ್ತು ನಿಮಿಷ ಹೊರಗಿರ್ತೀರಾ? ನಾನು ಇವರ ಹತ್ರ ಮಾತ್ರ ಮಾತಾಡ್ಬೇಕು" ಎಂದರು. ಎಲ್ಲರೂ ಮೆಟ್ಟಿಲಿಗೆ ಹೋದರು. ಬಾಗಿಲಿಗೆ ಕಿವಿ ಹಚ್ಚಲು ಹೆಡ್‌ಮಾಸ್ಟರಿಗೆ ಹಿರಿತನದ ಮೇಲೆ ಮೊದಲ ಜಾಗ ಸಿಕ್ಕಿತು.

ಒಳಗೆ ಮೂವರೇ ಉಳಿದರು. ಹೆಂಡತಿ ಚಹಾ ತಂದಿಟ್ಟು ಅಲ್ಲೇ ಕೂತಳು.

"ಹೇಳಿ ಮೇಷ್ಟ್ರೇ," ಎಂದರು ಕವಿಗಳು, "ನಿಮಗೆ ಯಾವ ಹಾಡು ಹೆಚ್ಚು ಇಷ್ಟ?"

"ಮೂರನೇದು," ಎಂದರು ಮೇಷ್ಟ್ರು. "ಅದರ ಭಾವ... ಬಾಂಗ್... ಭಾವದ ಮಾತುಗಳು."

"ಮೂರನೇದ್ರಲ್ಲಿ ಮಾತೇ ಇಲ್ಲ. ಅದು ಬರೀ ಕೊಳಲು."

ಮೇಷ್ಟ್ರ ಬಲಗಾಲು ನೆಲವನ್ನು ಒತ್ತಿತು. ಮನೆ ನಿಲ್ಲಲಿಲ್ಲ.

"ಹೇಳಿಬಿಡ್ರೀ ಸಾಕು" ಎಂದಳು ಹೆಂಡತಿ. ದನಿಯಲ್ಲಿ ಗದರಿಕೆ ಇರಲಿಲ್ಲ.

ಮೇಷ್ಟ್ರು ಹೇಳಿಬಿಟ್ಟರು. ಮೂರು ಅಂತಸ್ತು, ಮೂರು ಜಿಂಗಾಲೆ, ಕೈಚೀಲ, ನಿದ್ದೆ, ಕಿಟಕಿಯಾಚೆ ನೋಡಿ "ಹಾಗೇ" ಅಂದದ್ದು, ಇನ್‌ಸ್ಪೆಕ್ಟರ ಸ್ಕೂಟರು, ಒಂದನ್ನೂ ಬಿಡಲಿಲ್ಲ. "ನಿಮ್ಮ ಹಾಡು ಬೇಕು ಅಂತ ನಾನು ಕೂಗಿದ್ದೇ ಅಲ್ಲ ಸ್ವಾಮಿ. ತಪ್ಪಾಯ್ತು. ಎದ್ದು ಹೋಗಿ ಅಂದ್ರೆ ನಾನೇ ಎದ್ದು ಹೋಗ್ತೀನಿ, ಆದ್ರೆ ಇದು ನನ್ನ ಮನೆ" ಎಂದು ಮುಗಿಸಿದರು.

ಕವಿಗಳು ಚಹಾ ಹೀರಿದರು. "ಗೊತ್ತಿತ್ತು."

"ಏನು ಗೊತ್ತಿತ್ತು?"

"ನಾನು ವೇದಿಕೆ ಮೇಲಿದ್ದೆ ಮೇಷ್ಟ್ರೇ. ಮೂರನೇ ಸಾಲು ಅಂಗೈಯಷ್ಟು ಹತ್ರ ಕಾಣ್ತಿತ್ತು. ನೀವು ಕಣ್ಣಿಂದ ಕನ್ನಡಕ ಕಿತ್ತು ಕೂಗಿದ್ದು, ಇವರು ಚೀಲದಲ್ಲಿ ಹುಡುಕಿದ್ದು ಎಲ್ಲಾ ನೋಡ್ದೆ."

"ಮತ್ತೆ ಪಟ್ಟಿ ಮಡಚಿ ಇಟ್ರಲ್ಲ?"

"ಮೂವತ್ತನಾಲ್ಕು ವರ್ಷದಿಂದ ಯಾರಾದ್ರೂ ಒಬ್ಬರು ಆ ಮಾತು ಅನ್ಲಿ ಅಂತ ಕಾಯ್ತಿದ್ದೆ. ಅಷ್ಟೂ ವರ್ಷದಲ್ಲಿ ಕೇಳಿಸಿದ್ದು ಅದೊಂದೇ. ಕನ್ನಡಕಕ್ಕೋ ಕವಿಗೋ ಅಂತ ವಿಚಾರಿಸ್ತಾ ಕೂತ್ಕೊಳ್ಳೋಕೆ ನನ್ನ ಹತ್ರ ಇನ್ನೂ ಮೂವತ್ತನಾಲ್ಕು ವರ್ಷ ಇರ್ಲಿಲ್ಲ."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಮೇಷ್ಟ್ರು ಮಾತ್ರ ಗೊಂದಲದಲ್ಲೇ ಇದ್ದರು. "ಹಾಗಾದ್ರೆ ಈಗ ನನ್ನನ್ನ ನೋಡೋಕೆ ಯಾಕೆ ಬಂದ್ರಿ?"

"ಈಗ ಎಲ್ಲರೂ ಅದ್ಭುತ ಅಂತಾರೆ. ಮೊದಲು ಇದೇ ಹಾಡು ಬೇಡ ಅಂದೋರೂ ಅದ್ಭುತ ಅಂತಾರೆ. ಕೇಳಿದ್ದಾರೋ ಇಲ್ವೋ ಗೊತ್ತಾಗಲ್ಲ. ಕೇಳಿಲ್ಲ ಅಂತ ಖಾತ್ರಿಯಾಗಿ ಗೊತ್ತಿರೋದು ನಿಮ್ಮ ವಿಷಯ ಒಂದೇ. ಒಂದು ಹಾಡು ಹಾಡ್ಲಾ? ಹೇಗಿದೆ ಹೇಳಿ."

ಮೇಷ್ಟ್ರು ನೆಟ್ಟಗೆ ಕೂತರು. ಕವಿಗಳು ಮೇಜಿನ ಮೇಲೆ ಬೆರಳಾಡಿಸುತ್ತ, ಜಿಂಗಾಲೆಯ ಸುಳಿವೂ ಇಲ್ಲದ ತೆಳುದನಿಯಲ್ಲಿ ಹಾಡಿದರು:

ಇಳಿಜಾರು ಬಂತೆಂದು ಇಂಜಿನ್ನು ಆರಿಸಿದ,
ಗಾಡಿ ಸದ್ದಿಲ್ಲದೆ ಜಾರಿತು;
ತೊಡೆಯ ಮೇಲಿನ ನಿದ್ದೆ ಚೂರೂ ಕದಡದ ಹಾಗೆ
ಬೆಟ್ಟವೇ ತೊಟ್ಟಿಲ ತೂಗಿತು...

"ನಿಲ್ಲಿಸಿ!" ಮೇಷ್ಟ್ರು ಎದ್ದು ನಿಂತಿದ್ದರು. "ಇಳಿಜಾರಲ್ಲಿ ಇಂಜಿನ್ ಆರಿಸಿದ್ನಾ?"

"ಹೂಂ."

"ಏನು ಗಾಡಿ?"

"ಲಾರಿ."

"ಲೋಡಿತ್ತಾ?"

"ಸಿಮೆಂಟು."

"ಅಯ್ಯೋ ದೇವರೇ! ಇಂಜಿನ್ ಆರಿಸಿದ್ರೆ ಬ್ರೇಕು ಕಲ್ಲಾಗುತ್ತೆ ಸ್ವಾಮಿ, ಸ್ಟೇರಿಂಗ್ ತಿರುಗಲ್ಲ! ತೊಡೆ ಮೇಲಿನ ನಿದ್ದೆ ಅಂದ್ರೆ? ಯಾರು ಮಲಗಿದ್ರು? ಡ್ರೈವರ್ ತೊಡೆ ಮೇಲಾ?"

"ನಾನು. ಐದು ವರ್ಷ ನನಗೆ. ಓಡಿಸ್ತಿದ್ದೋರು ನಮ್ಮಪ್ಪ. ಇಂಜಿನ್ ಸದ್ದಿಗೆ ನಾನು ಎಚ್ಚರ ಆಗ್ತೀನಿ ಅಂತ ಆರಿಸ್ತಿದ್ರು."

"ಅಪ್ಪನಾದ್ರೇನು, ದೇವರಾದ್ರೇನು! ಆ ಮಹಾನುಭಾವನಿಗೆ ಲೈಸೆನ್ಸ್ ಕೊಟ್ಟೋನು ಯಾರು?"

ಬಾಗಿಲಾಚೆ ಹೆಡ್‌ಮಾಸ್ಟರು ಹಿಂದಿದ್ದವರಿಗೆ ಪಿಸುಗುಟ್ಟಿದರು: "ಕವಿಗೆ ಲೈಸೆನ್ಸ್ ಕೊಡೋರು ಯಾರು ಅಂತ ಚರ್ಚೆ ಎದ್ದಿದೆ! ಬಹಳ ಮೂಲಭೂತ ಪ್ರಶ್ನೆ!" ಇನ್‌ಸ್ಪೆಕ್ಟರು ಎರಡು ಮೆಟ್ಟಿಲು ಹಿಂದಕ್ಕೆ ಸರಿದು ನಿಂತರು.

ಒಳಗೆ ಮೇಷ್ಟ್ರು ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದರು. ಇದ್ದಕ್ಕಿದ್ದಂತೆ ನಿಂತು, ದನಿ ತಗ್ಗಿಸಿ ಕೇಳಿದರು: "ಆಮೇಲೆ? ಕೆಳಗೆ ಮುಟ್ಟಿತಾ?"

"ಏನು?"

"ಲಾರಿ! ಹಾಡಲ್ಲಿ ಬರೀ ಜಾರ್ತಾನೇ ಇದೆಯಲ್ಲ! ಕೆಳಗೆ ಸುರಕ್ಷಿತವಾಗಿ ಮುಟ್ಟಿತಾ ಇಲ್ವಾ? ನಿಮ್ಮ ತಂದೆಗೆ ಏನೂ ಆಗ್ಲಿಲ್ವಲ್ಲ?"

ಕವಿಗಳ ಬೆರಳು ಮೇಜಿನ ಮೇಲೆ ನಿಂತಿತು. "ಮುಟ್ಟಿತು ಮೇಷ್ಟ್ರೇ. ಅರವತ್ತು ವರ್ಷ ಆಗೋವರೆಗೂ ಓಡಿಸಿದ್ರು. ಮೈಮೇಲೆ ಒಂದು ಗೀರಿಲ್ಲ."

"ಸದ್ಯ!" ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು. ಹಣೆ ಬೆವರಿತ್ತು. "ಅದು ಅದೃಷ್ಟ. ಅದೃಷ್ಟಕ್ಕೆ ಲೈಸೆನ್ಸ್ ಕೊಡೋಕಾಗಲ್ಲ."

ಕವಿಗಳು ನಗತೊಡಗಿದರು. ಮೊದಲು ಭುಜ ನಕ್ಕಿತು, ಆಮೇಲೆ ಹೊಟ್ಟೆ, ಕಡೆಗೆ ಕಣ್ಣಲ್ಲಿ ನೀರು ಬಂತು, ಬಂದದ್ದು ನಿಲ್ಲಲಿಲ್ಲ. "ರಾಗ ಚೆನ್ನಾಗಿದೆ ಅಂದ್ರು, ಪದ ಚೆನ್ನಾಗಿದೆ ಅಂದ್ರು. ಇಷ್ಟು ವರ್ಷದಲ್ಲಿ ನಮ್ಮಪ್ಪನ ಲಾರಿ ಕೆಳಗೆ ಮುಟ್ಟಿತಾ ಅಂತ ಒಬ್ಬರೂ ಕೇಳ್ಲಿಲ್ಲ ಕಣ್ರೀ!"

ಹೆಂಡತಿ ಎದ್ದು ಅವರ ಲೋಟಕ್ಕೆ ಇನ್ನಷ್ಟು ಚಹಾ ಸುರಿದಳು.

ಹತ್ತು ನಿಮಿಷ ಎಂದದ್ದು ಎರಡು ಗಂಟೆಯಾಯಿತು. ಆ ಸಾಲು ಬದಲಿಸಬೇಕೆಂದು ಮೇಷ್ಟ್ರು, ಬದಲಿಸುವುದಿಲ್ಲವೆಂದು ಕವಿಗಳು. "ನಾಳೆ ನಿಮ್ಮ ಹಾಡು ಕೇಳಿ ಯಾವನೋ ಇಳಿಜಾರಲ್ಲಿ ಇಂಜಿನ್ ಆರಿಸಿದ್ರೆ?" ಎಂದು ಇವರು, "ಹಾಡು ಕೇಳಿ ಯಾರೂ ಏನೂ ಮಾಡಲ್ಲ, ಅದೇ ನನ್ನ ದುಃಖ" ಎಂದು ಅವರು. ಮೆಟ್ಟಿಲ ಮೇಲಿದ್ದವರಿಗೆ ಹಸಿವಾಗಿ ಒಬ್ಬೊಬ್ಬರೇ ಮನೆಗೆ ಹೋದರು.

ಕೊನೆಗೆ ಇಬ್ಬರೂ ಒಂದು ರಾಜಿಗೆ ಬಂದರು. ಆಲ್ಬಮ್ಮಿನ ಹಾಡಿನ ಪುಸ್ತಿಕೆಯ ಎರಡನೇ ಮುದ್ರಣದಲ್ಲಿ ಆ ಹಾಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬಂತು: "ಇಳಿಜಾರಿನಲ್ಲಿ ಇಂಜಿನ್ ಆರಿಸಬಾರದು." ಹೆಡ್‌ಮಾಸ್ಟರು ಅದರ ಮೇಲೆ ನಾಲ್ಕು ಪುಟದ ಲೇಖನ ಬರೆದರು. ಇಳಿಜಾರು ಎಂದರೆ ಮುಪ್ಪು, ಇಂಜಿನ್ ಎಂದರೆ ಜೀವನೋತ್ಸಾಹ, ಕವಿಯ ಇಡೀ ದರ್ಶನವೇ ಆ ಒಂದು ಸಾಲಿನಲ್ಲಿದೆ ಎಂದು ಸಾಧಿಸಿದರು.

ಕವಿಗಳು ಫೋನು ಮಾಡಿದರು. "ಮೇಷ್ಟ್ರೇ, ಆಲ್ಬಮ್ಮಲ್ಲಿ ಎಲ್ಲಕ್ಕಿಂತ ಒಳ್ಳೇ ಸಾಲು ನಿಮ್ಮದೇ ಅಂತೆ."

"ಅದು ಸಾಲಲ್ಲ ಸ್ವಾಮಿ, ನಿಯಮ" ಎಂದರು ಮೇಷ್ಟ್ರು. ಕಿವಿಗೆ ವೈರು ಸಿಕ್ಕಿಸಿಕೊಂಡು, ತಮ್ಮ ಕೂಗನ್ನು ಹಲ್ಲುಕಚ್ಚಿ ದಾಟಿ, ಅವರು ಆ ವಾರವೆಲ್ಲ ಹಾಡು ಕೇಳುತ್ತಿದ್ದರು. ಎದುರಿಗೆ ಒಂದು ಹಾಳೆ, ಪೆನ್ಸಿಲು. "ಅದಿರ್ಲಿ, ಐದನೇ ಹಾಡಲ್ಲಿ ಒಬ್ಬ ಮುಸ್ಸಂಜೇಲಿ ಸೈಕಲ್ ಮೇಲೆ ಬರ್ತಾನಲ್ಲ, ಅವನ ಸೈಕಲ್ಲಿಗೆ ದೀಪ ಇದ್ದಂಗಿಲ್ಲ. ಅವನ ವಿಷಯ ಸ್ವಲ್ಪ ಮಾತಾಡ್ಬೇಕಿತ್ತು."

ಆ ಕಡೆಯಿಂದ ಕುರ್ಚಿ ಸರಿದ ಸದ್ದು ಕೇಳಿಸಿತು.

"ಇರಿ, ಬಂದೆ" ಎಂದರು ಕವಿಗಳು. "ಅಂಗಿ ಹಾಕ್ಕೊಂಡು ಈಗಲೇ ಬಂದೆ."